ಟಿಟ್ಟಿಭದ ಗೂಡು ಸಾಗಿಸಿದ ವಿಜಯಕುಮಾರ

ಕೇಳದವರಿಗೂ ಸಹಾಯ ಮಾಡುವುದು ವಿಜಯಕುಮಾರನ ಹುಟ್ಟುಗುಣ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಯಾರ ಕೈಯಲ್ಲಾದರೂ ಎರಡು ಚೀಲ ಕಂಡರೆ ಒಂದು ಅವನ ಹೆಗಲೇರಿತೆಂದೇ ಲೆಕ್ಕ. ಒಮ್ಮೆ ಬೆಂಗಳೂರಿಗೆ ಹೊರಟಿದ್ದ ಅಜ್ಜಿಯೊಬ್ಬರನ್ನು ಹೀಗೇ ಚೀಲದ ಸಮೇತ ಎದುರು ದಿಕ್ಕಿನ ಮಾರಿಕುಪ್ಪಂ ಗಾಡಿಗೆ ಹತ್ತಿಸಿ, ಕಿಟಕಿಗೆ ಕೈಬೀಸಿ ಬಂದಿದ್ದ. ಅಜ್ಜಿ ಒಳಗಿನಿಂದ ಕೂಗುತ್ತಿದ್ದದ್ದು ಆಶೀರ್ವಾದವಲ್ಲವೆಂದು ಆಮೇಲೆ ತಿಳಿಯಿತು.

ಹಸು ಕರೆಯುವುದು ಹೆಂಡತಿ ಇಂದ್ರಾಣಿ. ಬೆಳಗಿನ ಜಾವ ಹಾಲನ್ನು ಡೈರಿಗೆ ಹಾಕುವುದು ಅವನು. ಹಾಕಿ ನೆಟ್ಟಗೆ ಮನೆಗೆ ಬಂದವನೇ ಅಲ್ಲ. ಖಾಲಿ ಕ್ಯಾನನ್ನು ಕೆರೆ ಏರಿಯ ಮೇಲಿಟ್ಟು, ರಾಬರ್ಟ್‌ಸನ್‌ಪೇಟೆಯ ಗುಜರಿಯಲ್ಲಿ ಕೊಂಡ ದುರ್ಬೀನು ಹಿಡಿದು ಹಕ್ಕಿ ನೋಡುತ್ತ ನಿಲ್ಲುತ್ತಿದ್ದ. ಅದರ ಒಂದು ಗಾಜು ಮಬ್ಬು. ಹೀಗಾಗಿ ಪ್ರಪಂಚದ ಹಕ್ಕಿಗಳನ್ನೆಲ್ಲ ಅವನು ಎಡಗಣ್ಣಿನಿಂದಲೇ ಬಲ್ಲ.

ಈ ಬೇಸಿಗೆ ಕೆರೆಯಂಗಳದ ಒಣನೆಲದಲ್ಲಿ ಟಿಟ್ಟಿಭ ಹಕ್ಕಿಯೊಂದು ಮೊಟ್ಟೆಯಿಟ್ಟಿತ್ತು. ಗೂಡು ಎನ್ನುವುದು ಮರ್ಯಾದೆಯ ಮಾತು; ಒಂದು ತಗ್ಗು, ಸುತ್ತ ಚೂರುಗಲ್ಲು, ಆಡಿನ ಹಿಕ್ಕೆ, ನಡುವೆ ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆ. ಹತ್ತಿರ ಹೋದಾಗಲೆಲ್ಲ ಆ ಹಳದಿ ಕಾಲಿನ ತಾಯಿ ಕಿರುಚುತ್ತ ಅವನ ತಲೆಗೇ ಎರಗುತ್ತಿತ್ತು. ಅವನು ಅದನ್ನು ಸಲಿಗೆಯೆಂದು ತಿಳಿದಿದ್ದ. ಮರಿಗಳು ಓಡಾಡುವುದನ್ನು ಒಮ್ಮೆ ನೋಡಿಬಿಟ್ಟರೆ ಸಾಕಾಗಿತ್ತು ಅವನಿಗೆ.

ಆದರೆ ಈ ಕಡೆಯ ಕೆರೆಗಳನ್ನು ತುಂಬಿಸಲೆಂದು ಬೆಂಗಳೂರಿನಿಂದ ಪೈಪಿನಲ್ಲಿ ಬರುವ ಸಂಸ್ಕರಿಸಿದ ನೀರಿಗೆ ಬೇಸಿಗೆ, ಮಳೆಗಾಲ ಎಂಬ ಭೇದವಿಲ್ಲ. ಮೇಲಿನ ಕೆರೆ ಕೋಡಿ ಹರಿದು, ಇಲ್ಲಿಯ ನೀರು ದಿನದಿನವೂ ಗೂಡಿನತ್ತ ಸರಿಯತೊಡಗಿತು.

“ಗೂಡನ್ನ ಮೇಲಕ್ಕೆ ಸಾಗಿಸ್ಬುಡ್ತೀನಿ ಕಣೇ,” ಎಂದ ಹೆಂಡತಿಗೆ.

“ಬಾಣಂತನಕ್ಕೆ ನಿನ್ನ ಕರೀತಾ ಅದು?” ಇಂದ್ರಾಣಿ ಕೆಚ್ಚಲಿನಿಂದ ತಲೆ ಎತ್ತಲಿಲ್ಲ. “ನೀರು ಬಂದ್ರೆ ಬರ್ತದೆ, ಇಲ್ದಿದ್ರೆ ಇಲ್ಲ. ಸುಮ್ಕೆ ಆಲು ಆಕ್ಬುಟ್ಟು ಬಾ.”

“ಬಂದ್ಮೇಲೆ ಏನು, ಮೊಟ್ಟೆಗೆ ಈಜು ಕಲಿಸ್ಲಾ?”

ಅಂದೇ ಮೊಟ್ಟೆಗಳನ್ನು ಟವೆಲ್ಲಿನಲ್ಲಿಟ್ಟುಕೊಂಡು, ಕಲ್ಲು, ಹಿಕ್ಕೆಗಳನ್ನೂ ಬಿಡದೆ ಹೊತ್ತು, ಏರಿಯ ಬುಡದ ಜಾಲಿಯ ಕೆಳಗೆ ಹೊಸ ಮನೆ ಹೂಡಿಕೊಟ್ಟ. ತಂಪಿಗೆ ನೆರಳೂ ಇರಲಿ ಎಂದು. ಹಕ್ಕಿಗಳೆರಡೂ ಆಕಾಶ ಹರಿಯುವಂತೆ ಅರಚಿದವು. ಏರಿಯ ಮೇಲೆ ಆಡು ಕಾಯುತ್ತಿದ್ದ ಚಿಕ್ಕವೆಂಕಟಮ್ಮ ಮಾತ್ರ, “ಪುಣ್ಯಾತ್ಮ ಕಣಪ್ಪ ನೀನು! ಮನುಸ್ರಿಗೇ ಇಂಗೆ ಯಾರು ಮಾಡ್ತಾರೆ?” ಎಂದಳು. ಆ ಮಾತಿನ ಹಿಗ್ಗಿನಲ್ಲಿ ಅವನು ಕ್ಯಾನನ್ನೇ ಮರೆತು ಮನೆಗೆ ಹೋದ.

ಮರುದಿನ ಬೆಳಗ್ಗೆ ಜಾಲಿಯ ಕೆಳಗೆ ಚಿಪ್ಪುಗಳಿದ್ದವು. ಕಾಗೆ ತಿಂದು ಮಿಕ್ಕದ್ದಕ್ಕೆ ಇರುವೆ ಮುತ್ತಿತ್ತು.

ವಿಜಯಕುಮಾರ ನೀರಿನ ಕಡೆ ನೋಡಿದ. ಕೆಳಗಿನ ರೈತರು ಟೊಮೇಟೊ ತೋಟಕ್ಕೆಂದು ತೂಬು ಎತ್ತಿದ್ದರು. ನೀರು ಬಂದಷ್ಟೇ ದೂರ ಹಿಂದಕ್ಕೆ ಹೋಗಿತ್ತು. ಹಳೆಯ ತಗ್ಗು ಮೊದಲಿನಂತೆಯೇ ಒಣಗಿ ಬೆಳ್ಳಗಿತ್ತು. ಮೊಟ್ಟೆ ಅಲ್ಲೇ ಇದ್ದಿದ್ದರೆ ಹನಿ ನೀರೂ ತಾಕುತ್ತಿರಲಿಲ್ಲ.

ಆ ತಗ್ಗಿನಲ್ಲಿ ಟಿಟ್ಟಿಭ ಕೂತಿತ್ತು. ಹೊಟ್ಟೆಯ ಕೆಳಗೆ ಏನೋ ಇದೆಯೆಂಬಂತೆ ರೆಕ್ಕೆ ತುಸು ಅಗಲಿಸಿ, ಮೈ ಒತ್ತಿ ಕೂತಿತ್ತು. ದುರ್ಬೀನು ಬೇಕಿರಲಿಲ್ಲ, ಎರಡು ಕಣ್ಣಿಗೂ ಸ್ಪಷ್ಟವಾಗಿ ಕಾಣುತ್ತಿತ್ತು.

ಅಭ್ಯಾಸಬಲದಿಂದ ಅವನು ಒಂದು ಹೆಜ್ಜೆ ಮುಂದಿಟ್ಟ. ಹಕ್ಕಿ ಎದ್ದು ಕಿರುಚುತ್ತ ಅವನ ತಲೆಯ ಮೇಲೇ ಎರಗಿತು. ಏನೂ ಇಲ್ಲದ ಆ ತಗ್ಗನ್ನು ಅವನಿಂದ ಕಾಪಾಡುತ್ತಿತ್ತು. ಅವನು ಹಿಂದಕ್ಕೆ ಸರಿದ; ಅದು ಮತ್ತೆ ಹೋಗಿ ಕೂತುಕೊಳ್ಳುವವರೆಗೂ ಸರಿಯುತ್ತಲೇ ಇದ್ದ.