ಕನ್ನಡಿಯಲ್ಲಿ ದೀಪ ಕಾಣುವವರೆಗೆ

ಸುನಂದಾ ಅವರೇ, ಆ ತಿರುವಿನಲ್ಲಿ ನಾನು ನಿಲ್ಲಲಿಲ್ಲ.

ತಿರುವಿನಲ್ಲಿ ಕಾದು ನಿಂತಿದ್ದೆ, ಬಸವರಾಜರ ಬೈಕಿನ ದೀಪವನ್ನು ನನ್ನ ಕನ್ನಡಿಯಲ್ಲಿ ಕಂಡೆ, ಅವರು ನನ್ನ ಹಿಂದೆಯೇ ಹೊರಳಿದರು — ಮೂರು ವರ್ಷಗಳಿಂದ ನಿಮ್ಮೆದುರು, ಜಪಾನಿನ ಪೊಲೀಸರೆದುರು, ನಿಮ್ಮ ತಮ್ಮ ಶಿವಾನಂದನೆದುರು ನಾನು ಹೇಳುತ್ತ ಬಂದ ಈ ಮಾತು ಸುಳ್ಳು. ನೆನಪಿನ ತಪ್ಪಲ್ಲ. ಗೊತ್ತಿದ್ದೇ ಹೇಳಿದ್ದು, ಮತ್ತು ಆ ಸಂಜೆಯೇ ದಿನಚರಿಯಲ್ಲಿ ಗಂಟೆ ನಿಮಿಷ ಸಹಿತ ಶಾಯಿಯಿಂದ ಬರೆದಿಟ್ಟದ್ದು.

ಕಳೆದ ಭಾನುವಾರ ನೀವು ವಿಭಾಳೊಂದಿಗೆ ಕ್ರೋಯ್ಡನ್ನಿನ ನನ್ನ ಫ್ಲಾಟಿಗೆ ಬಂದಿರಿ. ಲಿಫ್ಟ್ ಕೆಟ್ಟಿತ್ತು. ಐದು ಮಹಡಿ ಹತ್ತಿ, ಏದುಸಿರು ಬಿಡುತ್ತಲೇ ಮಗಳ ಲಗ್ನಪತ್ರಿಕೆಯನ್ನು ನನ್ನ ಕೈಗಿಟ್ಟಿರಿ.

“ಸರ್, ವಿಭಾನ್ನ ಕೈ ಹಿಡದು ಮಂಟಪಕ್ಕ ನೀವ ಕರ್ಕೊಂಡ ಬರಬೇಕ್ರಿ. ಸೋದರಮಾವ ನಿಲ್ಲೂ ಜಾಗಾದಾಗ ನೀವ ನಿಲ್ಲಬೇಕು.”

“ಶಿವಾನಂದ ಇದ್ದಾನಲ್ಲ,” ಎಂದೆ.

“ನನಗ ತಮ್ಮ ಅಂತ ಯಾರೂ ಇಲ್ಲರಿ. ಅವತ್ತ ನಮ್ಮನಿಯವರಿಗೆ ಅಂತ ದಾರಿ ಕಾದು ನಿಂತಾವ್ರು ನೀವೊಬ್ಬರ.”

ವಿಭಾ ನನ್ನ ಮುಖವನ್ನೇ ನೋಡುತ್ತಿದ್ದಳು. “ಅಂಕಲ್, ಪ್ಲೀಸ್ ಸೇ ಯೆಸ್. ಅಮ್ಮ ಬೇರೆ ಯಾರನ್ನೂ ಕೇಳಲ್ಲ.”

ಆಗಲಿ ಎಂದೆ. ಅದನ್ನೂ ಒಪ್ಪಿಕೊಳ್ಳಬೇಕು — ಆ ಕ್ಷಣದಲ್ಲೂ ಆಗಲಿ ಎಂದೆ. ನೀವು ಮೆಟ್ಟಿಲಿಳಿದು ಹೋದ ಮೇಲೆ ಪತ್ರಿಕೆಯನ್ನು ಓದಿದೆ. ಸೋದರಮಾವನ ಹೆಸರು ಇರಬೇಕಾದ ಸಾಲಿನಲ್ಲಿ ನನ್ನ ಹೆಸರು ಆಗಲೇ ಅಚ್ಚಾಗಿತ್ತು.

ಇದನ್ನು ವಿಭಾಳಿಗೂ ಓದಿ ಹೇಳಿ. ಅವಳಿಗೆ ನಮ್ಮ ಸವಾರಿಯ ಪದ್ಧತಿ ತಿಳಿದಿರಲಾರದು. ಆದ್ದರಿಂದ ಬಿಡಿಸಿ ಬರೆಯುತ್ತೇನೆ. ಜಪಾನಿನ ಆ ಬೈಕ್ ಪ್ರವಾಸದಲ್ಲಿ ನಾವು ನಾಲ್ವರು. ಮುಂದೆ ಸತೀಶ್ — ಬೆಂಗಳೂರಿನವರು, ಕ್ಯಾನರಿ ವಾರ್ಫಿನ ಆಫೀಸೊಂದರಲ್ಲಿ ಕೆಲಸ. ಎರಡನೆಯವನು ನಾನು. ಮೂರನೆಯವರು ಬಸವರಾಜರು, ವಿಭಾಳ ಅಪ್ಪ. ಕೊನೆಯಲ್ಲಿ ಶಿವಾನಂದ. ನೂರಹತ್ತು ಸಿಸಿಯ ಬಾಡಿಗೆ ಬೈಕುಗಳು. ಏರಿನಲ್ಲಿ ಸೈಕಲ್ಲಿನವರೂ ನಮ್ಮನ್ನು ಹಿಂದೆ ಹಾಕುತ್ತಿದ್ದರು. ಲಂಡನ್ನಿನ ಸುತ್ತ ಭಾನುವಾರಗಳಲ್ಲಿ ಸವಾರಿ ಮಾಡುತ್ತಿದ್ದಾಗಲೇ ನಮ್ಮಲ್ಲಿ ಒಂದು ನಿಯಮ ರೂಢಿಯಾಗಿತ್ತು: ರಸ್ತೆ ಹೊರಳುವ ಕಡೆಯಲ್ಲೆಲ್ಲ ಪ್ರತಿಯೊಬ್ಬನೂ ನಿಲ್ಲಬೇಕು, ಹಿಂದಿನವನ ದೀಪ ಕನ್ನಡಿಯಲ್ಲಿ ಕಂಡ ಮೇಲಷ್ಟೇ ಮುಂದೆ ಹೋಗಬೇಕು. ಇದಕ್ಕೆ ಇನ್ನೊಂದು ಮುಖವಿದೆ. ಕವಲಿನಲ್ಲಿ ಯಾರೂ ನಿಂತಿಲ್ಲವೆಂದರೆ ನೇರವಾಗಿ ಹೋಗಬೇಕೆಂದು ಅರ್ಥ.

ನಿಯಮ ಬರೆದು ನಾಲ್ವರಿಗೂ ಹಂಚಿದವನು ನಾನೇ. ತಂಗುವ ಊರು, ದೂರ, ದೋಣಿ ಹೊರಡುವ ಹೊತ್ತು, ಎಲ್ಲವನ್ನೂ ಎರಡೆರಡು ಕಡೆ ತಾಳೆ ನೋಡಿದವನೂ ನಾನೇ. ಹಳೆಯ ಬಂದರುಗಳ ದಾಖಲೆಗಳಲ್ಲಿ ತಾರೀಕು ಸರಿಪಡಿಸುವುದರಲ್ಲೇ ವೃತ್ತಿಜೀವನ ಕಳೆದವನಿಗೆ ಅದು ಚಟವಾಗಿತ್ತು. ಬಸವರಾಜರು ಅದನ್ನೇ ಹಿಡಿದು ಕಾಡುತ್ತಿದ್ದರು. “ಸರ್, ನೀವು ಹುಟ್ಟಿದ ತಾರೀಕರೆ ಎರಡು ಕಡೆ ತಾಳೆ ನೋಡೀರೇನ್ರಿ?” ಶಿವಾನಂದ ನನ್ನ ಪರ ವಹಿಸುತ್ತಿದ್ದ. “ಸುಮ್ನಿರ್ರಿ ಭಾವಾ. ಸರ್ ಡೈರಿ ಮುಂದ ಪೊಲೀಸರ ರೆಕಾರ್ಡೂ ನಿಲ್ಲಂಗಿಲ್ಲ.”

ಆರನೆಯ ದಿನ. ಅಕ್ಟೋಬರಿನ ಬಿಸಿಲು, ಆದರೆ ಗಾಳಿ ತಣ್ಣಗಿತ್ತು. ಆ ದಿನದ ಕೊನೆಯಲ್ಲಿ, ಸಮುದ್ರದ ದಂಡೆಯ ಊರಿಗೆ ಮುಂಚೆ, ರಸ್ತೆಯ ಪಕ್ಕದಲ್ಲಿ ಒಂದು ಹಳೆಯ ಕಲ್ಲಿತ್ತು. ಸಮುದ್ರ ಉಕ್ಕಿ ಬಂದ ಕಾಲದಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂದು ಊರವರು ಕೆತ್ತಿಸಿದ ಕಲ್ಲು. ನಾನು ನೋಡಿದ ಎರಡು ಪುಸ್ತಕಗಳು ಅದರ ತಾರೀಕನ್ನು ಎರಡು ರೀತಿ ಕೊಟ್ಟಿದ್ದವು. ಸವೆದ ಅಕ್ಷರ, ಓರೆ ಬಿಸಿಲು ಬಿದ್ದಾಗ ಮಾತ್ರ ಓದಲು ಬರುತ್ತದೆ. ಸೂರ್ಯ ಗುಡ್ಡದ ಹಿಂದೆ ಸರಿದರೆ — ಮರುದಿನ ನಾವು ಬೇರೆ ದಾರಿ ಹಿಡಿಯುವವರಿದ್ದೆವು. ಊಟದ ಹೊತ್ತಿನಲ್ಲಿ ನಾನು ಎರಡು ಸಲ ಗಡಿಯಾರ ನೋಡಿದ್ದನ್ನು ಕಂಡು ಸತೀಶ್ ನಕ್ಕರು.

“ಸರ್, ಕಲ್ಲು ತಾನೆ? ಎಲ್ಲೂ ಓಡ್ಹೋಗಲ್ಲ ಬಿಡಿ.”

ಕವಲಿಗೆ ಬಂದಾಗ ಮೂರು ಗಂಟೆ ಇಪ್ಪತ್ತು ನಿಮಿಷ. ಎಡಕ್ಕೆ ಹೊರಳಿದರೆ ಕಡಲ ರಸ್ತೆ. ನೇರಕ್ಕೆ ಗುಡ್ಡ ಹತ್ತುವ ಹಳೆಯ, ಕಿರಿದಾದ ರಸ್ತೆ. ಸತೀಶ್ ನಿಂತಿದ್ದರು, ನನ್ನ ದೀಪ ಕಂಡು ಕೈಯೆತ್ತಿ ಹೊರಟರು. ನಾನು ನಿಲ್ಲಬೇಕಿತ್ತು. ವೇಗ ತಗ್ಗಿಸಿದೆ, ಒಂದು ಕಾಲನ್ನು ನೆಲಕ್ಕೂ ಊರಿದೆ. ಕನ್ನಡಿಯಲ್ಲಿ ಖಾಲಿ ರಸ್ತೆ. ಎದುರಿಗೆ ಬಿಸಿಲು ಹಳದಿಯಾಗುತ್ತಿತ್ತು. ಬಸವರಾಜರಿಗೆ ದಾರಿ ಗೊತ್ತಾಗುತ್ತದೆ, ಬೆಳಗ್ಗೆ ನಕ್ಷೆ ತೋರಿಸಿದ್ದೇನೆ ಎಂದುಕೊಂಡೆ — ಇಲ್ಲ, ಹಾಗೆಂದು ಈಗ ಬರೆಯುತ್ತಿದ್ದೇನೆ. ಆಗ ಏನನ್ನೂ ಅಂದುಕೊಳ್ಳಲಿಲ್ಲ. ಹೊರಟುಬಿಟ್ಟೆ.

ಅವರು ಬಂದರು. ಕವಲಿನಲ್ಲಿ ಯಾರೂ ಇರಲಿಲ್ಲ. ನಾನು ಬರೆದ ನಿಯಮವನ್ನು ಅಕ್ಷರಶಃ ಪಾಲಿಸಿ ನೇರವಾಗಿ ಹೋದರು.

ಶಿವಾನಂದ ಹಿಂದುಳಿದಿದ್ದ. ಚಳಿಗೆ ಬೆರಳು ಮರಗಟ್ಟಿದ್ದರಿಂದ ರಸ್ತೆ ಬದಿಯಲ್ಲಿ ನಾಣ್ಯ ಹಾಕುವ ಯಂತ್ರವೊಂದರ ಮುಂದೆ ನಿಂತು ಬಿಸಿ ಚಹಾದ ಡಬ್ಬಿಯೊಂದನ್ನು ಕೊಂಡಿದ್ದ. ಮೂರು ನಿಮಿಷ. ಹಿಂದೆ ಬಿದ್ದೆನೆಂದು ಫೋನಿನಲ್ಲಿ ದಾರಿ ಹಾಕಿಕೊಂಡ. ಫೋನು ಎಡಕ್ಕೆ ಎಂದಿತು. ನಾಲ್ಕೂ ಹತ್ತಕ್ಕೆ, ಸತೀಶ್ ಮತ್ತು ನಾನು ಕಾಯುತ್ತಿದ್ದ ಊರಿನ ಮೀನುದೋಣಿಗಳ ದಕ್ಕೆಗೆ ಒಬ್ಬನೇ ಬಂದು, ಹೆಲ್ಮೆಟ್ ತೆಗೆಯುತ್ತ ಕೇಳಿದ. “ಭಾವಾರು ಎಲ್ಲ್ಯಾರ್ರೀ?”

ಸತೀಶ್ ನನ್ನ ಕಡೆ ತಿರುಗಿದರು. “ಸರ್, ಟರ್ನಿಂಗಲ್ಲಿ ಅವ್ರು ಬಂದಿದ್ದು ನೋಡಿದ್ರಿ ತಾನೆ?”

“ನೋಡಿದೆ. ದೀಪ ಕಂಡಿತು. ನನ್ನ ಹಿಂದೆಯೇ ಹೊರಳಿದರು.”

ಇಷ್ಟೇ ಮಾತು. ನಾನು ನುಡಿದ ಉಳಿದೆಲ್ಲ ಸುಳ್ಳುಗಳು ಇದರ ಪ್ರತಿಗಳು. ತಂಗುಮನೆಯ ಒಡತಿ ಫೋನಿನಲ್ಲಿ ಅನುವಾದಿಸಿ ಪೊಲೀಸರಿಗೆ ಇದನ್ನೇ ತಿಳಿಸಿದರು. ಪೊಲೀಸರು ನನಗೆ ಬಾಗಿ ವಂದಿಸಿ ಬರೆದುಕೊಂಡರು. ಊರಿನ ಮೀನುಗಾರರು, ಅಗ್ನಿಶಾಮಕದವರು ಕಡಲ ರಸ್ತೆಯ ಒಂಬತ್ತು ಕಿಲೋಮೀಟರನ್ನೂ ಪೊದೆ ಪೊದೆ ಸರಿಸಿ ಹುಡುಕಿದರು. ಬಂಡೆಗಳ ಕೆಳಗೆ ದೋಣಿ ಬಿಟ್ಟು ನೋಡಿದರು. ಅವರೊಂದಿಗೆ ನಾನೂ ಹುಡುಕಿದೆ, ಸುನಂದಾ ಅವರೇ. ಬಸವರಾಜರು ಅಲ್ಲಿರಲಾರರೆಂದು ನನ್ನೊಬ್ಬನಿಗೆ ಗೊತ್ತಿತ್ತು. ಆದರೂ ಬಾಗಿ ಬಾಗಿ ಹುಡುಕಿದೆ.

ಒಮ್ಮೆ ಬಾಯಿ ತೆರೆದೆ. “ಹಳೆಯ ರಸ್ತೆಯನ್ನೂ ನೋಡಬಹುದೇನೋ.”

“ಯಾಕೆ ಸರ್?” ಎಂದರು ಸತೀಶ್. “ಟರ್ನ್ ಆಗಿದ್ದನ್ನ ನೀವೇ ನೋಡಿದ್ರಲ್ಲ.”

ಹೌದೆಂದು ಮತ್ತೆ ಪೊದೆ ಸರಿಸತೊಡಗಿದೆ. ಇನ್ನೂ ಬೆಳಕಿತ್ತು.

ಮರುದಿನ ಬೆಳಗ್ಗೆ ಗುಡ್ಡದ ರಸ್ತೆಯ ಕೆಳಗೆ, ದೇವದಾರು ಮರಗಳ ನಡುವೆ, ಕಾಡಿನ ಕೆಲಸದವರೊಬ್ಬರು ಅವರನ್ನು ಕಂಡರು. ಬಿದ್ದ ಮೇಲೆ ಕೆಲವು ತಾಸು ಜೀವವಿತ್ತೆಂದು ವೈದ್ಯರು ಹೇಳಿದ್ದು ನಿಮಗೆ ಗೊತ್ತಿದೆ. ಕೈಗವಸುಗಳನ್ನು ಕಳಚಿ, ಒಂದರ ಮೇಲೊಂದು ಜೋಡಿಸಿ ಪಕ್ಕದಲ್ಲಿಟ್ಟುಕೊಂಡಿದ್ದರು. ಅದನ್ನು ನಾನು ನಿಮಗೆ ಹೇಳಿರಲಿಲ್ಲ. ಯಾರಾದರೂ ಬಂದೇ ಬರುತ್ತಾರೆಂದು ನಂಬಿ ಕೂತವರು ಇಡುವ ಹಾಗೆ —

ಆಮೇಲಿನದು ತಾನಾಗಿ ಕಟ್ಟಿಕೊಂಡ ಕಥೆ. ನನ್ನ ಹಿಂದೆ ಹೊರಳಿದವರು ಹಳೆಯ ರಸ್ತೆಗೆ ಹೋದದ್ದು ಹೇಗೆ? ತಮ್ಮ ಹಿಂದೆ ಶಿವಾನಂದ ಕಾಣಲಿಲ್ಲ, ಅವನನ್ನು ಹುಡುಕಲು ತಿರುಗಿ ಬಂದರು, ಕವಲಿನಲ್ಲಿ ಬಂದ ದಾರಿಗೆ ಬಲಕ್ಕೆ ಹೊರಳುವ ಬದಲು ಎಡಕ್ಕೆ, ಗುಡ್ಡದ ರಸ್ತೆಗೆ ಹೊರಳಿದರು. ಎಲ್ಲವೂ ಹೊಂದಿಕೊಂಡಿತು. ನಾನು ಆ ಕಥೆಯನ್ನು ಹೇಳಲಿಲ್ಲ, ಅಲ್ಲಗಳೆಯಲೂ ಇಲ್ಲ. ಬಸವರಾಜರ ತಿಥಿಯ ದಿನ ಸಟನ್ನಿನ ನಿಮ್ಮ ಮನೆಯಲ್ಲಿ, ಎಲ್ಲರ ನಡುವೆ, ನೀವು ತಮ್ಮನಿಗೆ ಹೇಳಿದಿರಿ. “ನೀ ಚಾ ಕುಡಕೋತ ನಿಂತಿ. ನಿನ್ನ ಹುಡಕಲಿಕ್ಕೆ ಹೋಗಿ ಅವರು ಸತ್ತರು. ಈ ಮನಿ ಹೊಸ್ತಿಲಾ ಇನ್ನ ಮ್ಯಾಲ ತುಳೀಬ್ಯಾಡ.” ಅವನು ತಲೆಯೆತ್ತಲಿಲ್ಲ. ನಾನು ಅವನ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದೆ. ನೀವು ನನಗೆ ನೀರು ತಂದುಕೊಟ್ಟಿರಿ; ಕುಡಿದೆ.

ಕಳೆದ ಚಳಿಗಾಲದಲ್ಲಿ ಟ್ರ್ಯಾಮಿನಲ್ಲಿ ಶಿವಾನಂದ ಎದುರಾದ. ಗುರುತು ಸಿಗದಷ್ಟು ಇಳಿದುಹೋಗಿದ್ದ. ಬೈಕು ಹತ್ತುವುದನ್ನು ಬಿಟ್ಟಿದ್ದಾನೆ, ಚಹಾ ಬಿಟ್ಟಿದ್ದಾನೆ. ಕುಶಲ ವಿಚಾರಿಸುವ ಮೊದಲೇ ಅಂದ. “ಮೂರ ಮಿನಿಟ್ ಸರ್. ಕೈ ಭಾಳ ಥಂಡಿ ಆಗಿದ್ವು. ನೀವು ನಿಂತಂಗ ನಾನೂ ನಿಯಮ ಪಾಲಿಸಿದ್ರ ಭಾವಾ ಇರತಿದ್ರು.”

ನಾನು ಅವನ ಭುಜದ ಮೇಲೆ ಕೈಯಿಟ್ಟು, “ಇರಲಿ, ಇನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ,” ಎಂದೆ. ನಾನು ಅವನನ್ನು ಕ್ಷಮಿಸಿದೆ! ನನ್ನ ಜೀವನದಲ್ಲಿ ಇದಕ್ಕಿಂತ ನೀಚವಾದ ವಾಕ್ಯವನ್ನು ನಾನು ಆಡಿಲ್ಲ, ಅದಕ್ಕವನು ಕೈಮುಗಿದ.

ನನ್ನ ಮಾತನ್ನು ಮಾತ್ರ ನಂಬಬೇಡಿ. ಒಮ್ಮೆ ಸುಳ್ಳು ಬರೆದವನು ಈಗ ಬರೆಯುವುದಕ್ಕೂ ಪುರಾವೆ ಬೇಕು. ದಿನಚರಿಯ ಆ ಪುಟವನ್ನೂ ಕಲ್ಲಿನ ಚಿತ್ರವನ್ನೂ ಲಗತ್ತಿಸಿದ್ದೇನೆ. ದಿನಚರಿಯ ಪ್ರಕಾರ ನಾನು ಮೂರೂ ಮೂವತ್ತೊಂದರವರೆಗೆ ಕವಲಿನಲ್ಲಿ ನಿಂತಿದ್ದೆ. ಚಿತ್ರದ ಮೇಲಿನ ಸಮಯ ಬೆಳಗಿನ ಏಳೂ ಮೂವತ್ತೈದು — ಕ್ಯಾಮೆರಾದಲ್ಲಿ ಲಂಡನ್ನಿನ ಹೊತ್ತೇ ಉಳಿದಿತ್ತು. ಎಂಟು ತಾಸು ಕೂಡಿಸಿದರೆ ಮಧ್ಯಾಹ್ನ ಮೂರೂ ಮೂವತ್ತೈದು. ಕವಲಿನಿಂದ ಕಲ್ಲಿಗೆ ಒಂಬತ್ತು ಕಿಲೋಮೀಟರ್. ಆ ಬೈಕುಗಳು ಅದನ್ನು ನಾಲ್ಕು ನಿಮಿಷದಲ್ಲಿ ಕ್ರಮಿಸಲಾರವು. ಊರಿಗೆ ಮರಳಿದ ವಾರದಲ್ಲೇ ಈ ಲೆಕ್ಕ ಮಾಡಿದ್ದೆ, ಅಭ್ಯಾಸಬಲದಿಂದ ಎರಡು ಸಲ. ಆಮೇಲೆ ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಕಲ್ಲಿನ ಮೇಲಿನ ತಾರೀಕು ಚಿತ್ರದಲ್ಲಿ ಸ್ಪಷ್ಟವಾಗಿದೆ. ಎರಡು ಪುಸ್ತಕಗಳಲ್ಲಿ ಯಾವುದು ಸರಿಯೆಂದು ತಿಳಿಯಿತು. ಯಾರಿಗೂ ಹೇಳಿಲ್ಲ, ಎಲ್ಲಿಯೂ ಬರೆದಿಲ್ಲ.

ಸತೀಶರಿಗೆ ಫೋನಿನಲ್ಲಿ ಹೇಳಿದ್ದೇನೆ. ಆ ಊರಿನ ಪೊಲೀಸ್ ಠಾಣೆಗೂ ಬರೆದಿದ್ದೇನೆ. ಶಿವಾನಂದನಿಗೆ ಇದರ ಪ್ರತಿಯನ್ನು ನಾಳೆ ನಾನೇ ಕೈಯಾರೆ ಕೊಟ್ಟು, ಅವನು ಓದಿ ಮುಗಿಸುವವರೆಗೆ ಎದುರಿಗಿರುತ್ತೇನೆ. ಅವನು ಕಳೆದುಕೊಂಡ ಮೂರು ವರ್ಷಗಳನ್ನು, ಬಸವರಾಜರ ಆ ಕೆಲವು ತಾಸುಗಳನ್ನು — ಇಲ್ಲ, ಆ ವಾಕ್ಯವನ್ನು ಪೂರ್ತಿ ಮಾಡಲು ನನ್ನಲ್ಲಿ ಏನೂ ಇಲ್ಲ.

ಮಂಟಪಕ್ಕೆ ನಾನು ಬರುವುದಿಲ್ಲ. ಆ ಜಾಗ ನನ್ನದಲ್ಲ. ಅದು ಯಾರದೆಂದು ಹೇಳುವ ಯೋಗ್ಯತೆಯೂ ನನಗಿಲ್ಲ, ನಿಮಗೆ ಗೊತ್ತಿದೆ.

ಶನಿವಾರ ಬೆಳಗ್ಗೆ ಹತ್ತಕ್ಕೆ ಸಟನ್ನಿಗೆ ಬಂದು ನಿಮ್ಮ ಗೇಟಿನ ಹೊರಗೆ ನಿಲ್ಲುತ್ತೇನೆ. ಕೇಳಬೇಕಾದ್ದನ್ನು ಕೇಳಿ, ಅನ್ನಬೇಕಾದ್ದನ್ನು ಅನ್ನಿ. ಬಾಗಿಲು ತೆರೆಯದಿದ್ದರೂ ಸರಿಯೇ. ನಿಂತಿರುತ್ತೇನೆ.