ಕಜ್ಜಿ ಎಲೆಯ ವಿಳಾಸ

ಕಜ್ಜಿರೋಗ ತಗುಲಿದಾಗ ನಿಂಬೆಗಿಡದ ಯಾವ ಆಂಟಿಆಕ್ಸಿಡೆಂಟ್ ಕಿಣ್ವದ ಜೀನ್ ಎಚ್ಚರಾಗಿ ಗಿಡವನ್ನು ಕಾಯುತ್ತದೆಂದು ನೋಡುವುದು ನನ್ನ ಕೆಲಸ. ಚಿಮ್ಮಡದ ತೋಟವೊಂದರಲ್ಲಿ ಮುಂಜಾನೆಯಿಂದ ಹುಡುಕಿ, ಕಜ್ಜಿ ಎಲೆಗಳನ್ನು ಐಸ್ ಡಬ್ಬಿಗೆ ತುಂಬಿಟ್ಟಿದ್ದೆ. ಕೈ ತೊಳೆದು ಬರುವಷ್ಟರಲ್ಲಿ ತೋಟದ ಒಡತಿ ಗೌರಕ್ಕ ಅವನ್ನೆಲ್ಲ ಒಲೆಗೆ ಹಾಕಿ, ಫಳಫಳ ಹೊಳೆಯುವ ಎಲೆ ತುಂಬಿದ್ದರು.

"ಗೌರಕ್ಕಾ, ನನಗ ರೋಗದ್ದ ಬೇಕಾಗಿತ್ತು," ಎಂದೆ.

"ಉಡಿ ತುಂಬಿ ಕಳಸೂ ಹೆಣ್ಮಗಳಿಗೆ ಕಜ್ಜಿ ಎಲಿ ಕೊಡ್ಲೇನ್ರಿ? ಅದ ಬೇಕಂದ್ರ ನಮ್ಮ ನೆಗೆಣ್ಣಿ ತೋಟಕ್ಕ ಹೋಗ್ರಿ. ಅಲ್ಲಿ ರಗಡ ಐತಿ."

ಅಲ್ಲಿಗೆ ಹೋದರೆ ನೆಗೆಣ್ಣಿ, ಅಂದರೆ ಗೌರಕ್ಕನ ಮೈದುನನ ಹೆಂಡತಿ, ಚಹಾ ಕೊಟ್ಟು, "ನಮ್ಮಲ್ಲಿ ಒಂದೂ ಇಲ್ರಿ. ಅಕ್ಕನ ತೋಟದ ಹಿಂದಿನ ಸಾಲಿನಾಗ ಸಿಗತಾವ, ಬರ್ರಿ ತೋರಸ್ತೇನಿ," ಎಂದರು.

ಹೊತ್ತು ಮುಳುಗುವ ಮುನ್ನ ಡಬ್ಬಿ ತುಂಬಿತು. ಗಿಡ ತನ್ನನ್ನು ಹೇಗೆ ಕಾಪಾಡಿಕೊಳ್ಳುತ್ತದೆಂದು ಇನ್ನೂ ಹುಡುಕುತ್ತಿದ್ದೇನೆ. ಗಿಡದ ಒಡತಿಯರ ಉಪಾಯ ಮಾತ್ರ ಅಂದೇ ಗೊತ್ತಾಯಿತು.