ಅರವತ್ತೆರಡು ಮಾತಿನ ಅಜ್ಜಿ

ಬೆಳಗಿನ ಐದೂವರೆ. ರಂಗಮಂದಿರದಲ್ಲಿ ಒಂದೇ ದೀಪ ಉರಿಯುತ್ತಿದೆ. ಪಕ್ಕದ ಪರದೆಯಿಂದ ಕುರ್ಚಿಗೆ ಹನ್ನೊಂದು ಹೆಜ್ಜೆ. ಎಣಿಸಿಕೊಂಡು ನಡೆದು, ಕೂತು, ಅರವತ್ತೆಂಟು ವರ್ಷದ ಈ ನಟಿ ಅಜ್ಜಿಯ ಪಾತ್ರದ ಮಾತು ಶುರುಮಾಡುತ್ತಾರೆ. ಎದುರಿಗೆ ನಾನೂರು ಖಾಲಿ ಕುರ್ಚಿಗಳು. ಮೊದಲ ಸಾಲಿನಲ್ಲಿ ಮಗಳು, ಮಡಿಲಲ್ಲಿ ನಾಟಕದ ಪ್ರತಿ.

ನಲವತ್ತನೆಯ ಮಾತಿಗೆ ತಡವರಿಸುತ್ತಾರೆ. ಮೊಮ್ಮಗಳು ಮನೆ ಬಿಟ್ಟು ಹೊರಡುವಾಗ ಅಜ್ಜಿ ಹೇಳುವ ಮಾತು ಅದು: "ಹೋಗು, ತಿರುಗಿ ನೋಡ್ಬೇಡ." ಹೋದ ವಾರದ ತಾಲೀಮಿನಲ್ಲಿ ಅದು ಅವರ ತಾಯ್ನುಡಿಯಲ್ಲೇ ಹೊರಬಿತ್ತು. ಇವತ್ತು ಏಳು ಗಂಟೆಗೆ ನಿರ್ದೇಶಕರ ಮುಂದೆ ಅರವತ್ತೆರಡು ಮಾತನ್ನೂ ತಪ್ಪಿಲ್ಲದೆ ಒಪ್ಪಿಸಬೇಕು. ಇಲ್ಲವಾದರೆ ಪಾತ್ರ ಬೇರೆಯವರಿಗೆ.

"ಮರೆವಲ್ಲ," ಎನ್ನುತ್ತಾರೆ. "ಹಡಗು ಹತ್ತೋವಾಗ ನಮ್ಮಮ್ಮ ಆಡಿದ ಮಾತೇ ಅದು. ಅವಳ ದನೀಲೇ ಬಂದ್ಬಿಡುತ್ತೆ."

ಅದು ಮೂವತ್ತೊಂಬತ್ತು ವರ್ಷದ ಹಿಂದಿನ ಮಾತು. ತಮ್ಮೂರಿನ ನಾಟಕಗಳಲ್ಲಿ ನಾಯಕಿಯಾಗಿದ್ದವರು ಇಲ್ಲಿಗೆ ಬಂದು, ಉಚ್ಚಾರದ ದೆಸೆಯಿಂದ, ಕೆಲಸದವಳಾದರು, ಸೂಲಗಿತ್ತಿಯಾದರು, ಹೆಣವಾದರು. "ಹೆಣಕ್ಕೆ ಉಚ್ಚಾರ ಬೇಡ ನೋಡಿ. ಎರಡು ವರ್ಷ ಉಸಿರು ಬಿಗಿಹಿಡಿದೇ ಹೊಟ್ಟೆ ಹೊರೆದೆ." ಹಗಲು ವೇಷಭೂಷಣದ ಕೋಣೆಯಲ್ಲಿ ಹೊಲಿಗೆ, ಸಂಜೆ ರಂಗ. ನೂರಾ ನಾಲ್ಕು ನಾಟಕಗಳಲ್ಲಿ ಇಷ್ಟು ದೊಡ್ಡ ಪಾತ್ರ ಇದೇ ಮೊದಲು.

ಇಲ್ಲಿಯ ಮಾತು ಕಲಿಸಿದ್ದು ಇಲ್ಲೇ ಹುಟ್ಟಿದ ಮಗಳು. "ಐದು ವರ್ಷಕ್ಕೇ ನನಗೆ ಮೇಷ್ಟ್ರು ಇವಳು."

"ನಾಲಿಗೆ ಮಡಚಮ್ಮಾ ಅಂದ್ರೆ ನೀನು ನುಂಗಿಬಿಡ್ತಿದ್ದೆ," ಮಗಳು ಪ್ರತಿಯಿಂದ ತಲೆಯೆತ್ತದೆ ಹೇಳುತ್ತಾಳೆ.

"ಈಗ್ಲೂ ಬಯ್ಯೋದು ನಿಂತಿಲ್ಲ ನೋಡಿ."

ಏಳಕ್ಕೆ ಸರಿಯಾಗಿ ನಿರ್ದೇಶಕರು ಬಂದು ಕೊನೆಯ ಸಾಲಿನಲ್ಲಿ ಕೂರುತ್ತಾರೆ. ಮೂವತ್ತೊಂಬತ್ತು ಮಾತು ನೀರು ಕುಡಿದಷ್ಟು ಸಲೀಸು. ಆಮೇಲೆ ಮೌನ. ಮಗಳ ಬೆರಳು ಪುಟದ ಮೇಲೆ ನಿಂತಿದೆ. ಮರೆತ ಮಾತು ಎತ್ತಿಕೊಡಬಾರದೆಂದು ಅಮ್ಮನ ಕಟ್ಟಪ್ಪಣೆ.

"ಹೋಗು, ತಿರುಗಿ ನೋಡ್ಬೇಡ." ಇಲ್ಲಿಯ ಮಾತಿನಲ್ಲೇ, ಸ್ಪಷ್ಟವಾಗಿ. ಹೇಳಿದವರೇ ಥಟ್ಟನೆ ಗೋಡೆಯತ್ತ ಮುಖ ತಿರುಗಿಸುತ್ತಾರೆ. ಉಳಿದ ಇಪ್ಪತ್ತೆರಡು ಮಾತು ಎಲ್ಲಿಯೂ ಎಡವದೆ ಮುಗಿಯುತ್ತವೆ.

"ಮುಖ ತಿರುಗಿಸೋದು ಪ್ರತೀಲಿ ಇಲ್ವಲ್ಲ?" ನಿರ್ದೇಶಕರು ಕೇಳುತ್ತಾರೆ.

"ಇಲ್ಲ ಸಾರ್. ಬೇಡ ಅಂದ್ರೂ ನಾನು ಹಡಗಿಂದ ತಿರುಗಿ ನೋಡ್ದೆ. ಅಮ್ಮ ಹಾಗೆ ನಿಂತಿದ್ಳು."

ನಿರ್ದೇಶಕರು, "ಹಾಗೇ ಇರ್ಲಿ. ಶನಿವಾರ ಪ್ರದರ್ಶನಕ್ಕೆ ಬೇಗ ಬನ್ನಿ," ಎಂದು ಎದ್ದುಹೋಗುತ್ತಾರೆ.

ಮಗಳು ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಾಳೆ: ಅಜ್ಜಿ ಮುಖ ತಿರುಗಿಸುತ್ತಾಳೆ.

ಕನ್ನಡಕ ಏರಿಸಿ ಬಗ್ಗಿ ನೋಡಿದ ತಾಯಿ ಹೇಳುತ್ತಾರೆ: "ಇನ್ನೂ ದಪ್ಪಕ್ಕೆ ಬರಿ ಮಗಳೇ. ನನ್ನ ನಂತರ ಈ ಪಾತ್ರ ಮಾಡೋರಿಗೂ ಕಾಣ್ಲಿ."